ಇಜಿಆರ್ ಕೋಡ್ ಬಂತು, ವಾಲ್ವ್ ಸರಿಯಾಗೇ ಇತ್ತು

ಪಿ0401. ಹಳೆಯ ಡೀಸೆಲ್ ಗಾಡಿಗಳಲ್ಲಿ ನಾವು ಆಗಾಗ ನೋಡುವ ಕೋಡ್, ಅಂದರೆ ದೋಷ ಕಂಡಾಗ ಗಾಡಿಯ ಕಂಪ್ಯೂಟರ್ ಬರೆದಿಡುವ ನಂಬರ್. ಹೊರಹೋಗುವ ಹೊಗೆಯಲ್ಲಿ ಸ್ವಲ್ಪವನ್ನು ಎಂಜಿನ್ನಿಗೇ ವಾಪಸ್ ಬಿಡುವುದು ಇಜಿಆರ್ ವಾಲ್ವ್, ನೈಟ್ರೋಜನ್ ಆಕ್ಸೈಡ್ ಅನ್ನುವ ವಿಷಗಾಳಿ ಕಡಿಮೆಯಾಗಲಿ ಅಂತ. ಅದರ ಮೂಲಕ ಎಂಜಿನ್‌ಗೆ ವಾಪಸ್ ಹೋಗಬೇಕಾದಷ್ಟು ಹೊಗೆ ಹೋಗುತ್ತಿಲ್ಲ ಅಂತ ಅದರ ಅರ್ಥ. ಕೋಡ್ ಕಂಡ ಕೂಡಲೇ ವಾಲ್ವ್ ಬಿಚ್ಚಿ ಮಸಿ ಕೆರೆಯುವುದು ರೂಢಿ. ಎಷ್ಟೋ ಗಾಡಿಗಳು ಅಷ್ಟಕ್ಕೇ ಸರಿಹೋಗುತ್ತವೆ ಕೂಡ.

ಹಾಸನದ ನನ್ನ ಗ್ಯಾರೇಜಿಗೆ ಬಂದ ಈ ಕಾರಿಗೆ ಅದೆಲ್ಲ ಮುಗಿದಿತ್ತು. ಬೆಂಗಳೂರು ರಿಜಿಸ್ಟ್ರೇಶನ್, 2012ರ ಮಾಡೆಲ್, ಬಿಎಸ್4 (ಹೊಗೆ ನಿಯಮದ ಹಂತ), 1.4 ಲೀಟರ್ ಡೀಸೆಲ್. ಬೇರೆ ಕಡೆ ವಾಲ್ವ್ ಕ್ಲೀನ್ ಮಾಡಿಸಿ, ಆಮೇಲೆ ಹೊಸದನ್ನೇ ಹಾಕಿಸಿದ್ದರು. "ಶಿರಾಡಿ ಇಳಿದು ನೆಲ್ಯಾಡಿ ದಾಟೋದ್ರೊಳಗೆ ಲೈಟ್ ಬರುತ್ತೆ ಅಣ್ಣ. ವಾಪಸ್ ಘಾಟಿ ಹತ್ತುವಾಗ ಪಿಕಪ್ಪೇ ಇಲ್ಲ, ಹಿಂದೆ ಬರೀ ಹೊಗೆ" ಅಂದರು ಓನರ್.

ಆ ಹೊಸ ವಾಲ್ವ್ ಬಿಚ್ಚಿ ನೋಡಿದೆ. ಹಾಕಿಸಿ ಕೆಲವೇ ತಿಂಗಳಾಗಿತ್ತು, ಆಗಲೇ ಒಳಗೆಲ್ಲ ದಪ್ಪ ಮಸಿ. ಉಗುರಿನಲ್ಲಿ ಕೆರೆದರೆ ಹೆಪ್ಪುಹೆಪ್ಪಾಗಿ ಬರುತ್ತಿತ್ತು. ನನಗೆ ಅನುಮಾನ ಬಂದದ್ದು ಇಲ್ಲೇ. ಹೊಗೆ ಕಡಿಮೆ ಹೋಗುತ್ತಿದೆ ಅನ್ನುತ್ತದೆ ಕೋಡ್. ಹಾಗಾದರೆ ಇಷ್ಟು ಮಸಿ ಎಲ್ಲಿಂದ ಬಂತು?

ಈ ಎಂಜಿನ್‌ನಲ್ಲಿ ವಾಪಸ್ ಹೋಗುವ ಹೊಗೆಯನ್ನು ನೇರವಾಗಿ ಅಳೆಯುವ ಸೆನ್ಸರ್ ಇಲ್ಲ. ಸಿಲಿಂಡರಿನಲ್ಲಿ ಇರುವ ಜಾಗ ಇಷ್ಟೇ ತಾನೇ? ಅದರಲ್ಲಿ ಹೊಗೆ ತುಂಬಿದಷ್ಟೂ ಹೊಸ ಗಾಳಿಗೆ ಜಾಗ ಕಡಿಮೆ. ಏರ್ ಫಿಲ್ಟರ್ ಆದಮೇಲೆ ಕೂತಿರುವ ಏರ್ ಫ್ಲೋ ಸೆನ್ಸರ್ ಆ ಹೊಸ ಗಾಳಿಯನ್ನು ಅಳೆಯುತ್ತದೆ. ವಾಲ್ವ್ ತೆರೆದರೂ ಗಾಳಿಯ ಲೆಕ್ಕ ಸಾಕಷ್ಟು ಇಳಿಯದಿದ್ದರೆ, ಹೊಗೆ ಬರುತ್ತಿಲ್ಲ ಅಂತ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತೀರ್ಮಾನ ಮಾಡುತ್ತದೆ. ಅಂದರೆ ಕೋಡ್‌ನಲ್ಲಿ ಹೆಸರು ಇಜಿಆರ್‌ದು, ಸಾಕ್ಷಿ ಹೇಳಿದ್ದು ಏರ್ ಫ್ಲೋ ಸೆನ್ಸರ್!

ಎಂಜಿನ್ ಬಿಸಿ ಮಾಡಿ, ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಬಿಟ್ಟು, ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆಗೆದೆ. ಇಸಿಯು ಬಯಸುತ್ತಿದ್ದದ್ದು ಒಂದು ಸ್ಟ್ರೋಕಿಗೆ (ಒಂದು ಸಿಲಿಂಡರ್ ಒಂದು ಸಲ ಗಾಳಿ ಎಳೆದಾಗ) 230 ಮಿಲಿಗ್ರಾಂ ಗಾಳಿ. ಸೆನ್ಸರ್ ತೋರಿಸುತ್ತಿದ್ದದ್ದು 290. ಅದನ್ನು ಇಳಿಸುವುದಕ್ಕೆ ಇಸಿಯು ವಾಲ್ವಿಗೆ ಹೆಚ್ಚುಕಡಿಮೆ ಪೂರ್ತಿ ತೆರೆ ಅಂತ 95% ಆರ್ಡರ್ ಕೊಟ್ಟು ಕೂತಿತ್ತು. ಈ ವಾಲ್ವ್ ತೆರೆಯುವುದು ವ್ಯಾಕ್ಯೂಮ್ ಸೆಳೆತದಿಂದ. ಆ ಪೈಪ್ ಎಳೆದು ವಾಲ್ವ್ ಪೂರ್ತಿ ಮುಚ್ಚಿಸಿದೆ. ಗಾಳಿ 412ಕ್ಕೆ ಏರಿತು. ಕೈ ಪಂಪಿನಿಂದ ವ್ಯಾಕ್ಯೂಮ್ ಕೊಟ್ಟೆ, ಮತ್ತೆ 290. ವಾಲ್ವ್ ಆಡುತ್ತಿದೆ, ದಾರಿಯೂ ತೆರೆದಿದೆ.

ಆದರೆ 412 ಅನ್ನುವ ನಂಬರ್ ನೋಡಿ. ನಾಲ್ಕು ಸಿಲಿಂಡರ್, ಒಂದೊಂದು 350 ಮಿಲೀ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಜಾಸ್ತಿ ಎತ್ತರದಲ್ಲಿದೆ, ಇಲ್ಲಿ ಒಂದು ಲೀಟರ್ ಗಾಳಿ ಸುಮಾರು 1.05 ಗ್ರಾಂ ತೂಗುತ್ತದೆ. ಗುಣಿಸಿದರೆ 367 ಮಿಲಿಗ್ರಾಂ. ಐಡಲ್‌ನಲ್ಲಿ ಟರ್ಬೊ (ಗಾಳಿ ಒತ್ತಿ ತುಂಬುವ ಫ್ಯಾನ್) ಒತ್ತಡ ಇರುವುದಿಲ್ಲ, ಹಾಗಾಗಿ ನಿಜದಲ್ಲಿ ಅಷ್ಟೂ ತುಂಬುವುದಿಲ್ಲ, 320ರ ಆಸುಪಾಸು. 412 ಅಂದರೆ ಪಾವಿನಲ್ಲಿ ಸೇರಕ್ಕಿ ಹಿಡಿಸಿದೆ ಅಂದ ಹಾಗೆ. ಸೆನ್ಸರ್ ಸುಳ್ಳು ಹೇಳುತ್ತಿತ್ತು.

ಇನ್ನೊಂದು ಸಲ ಖಾತ್ರಿ ಮಾಡಿಕೊಳ್ಳಲು, ಎಂಜಿನ್ ಆಫ್, ಕೀ ಆನ್ ಇಟ್ಟು ಸಿಗ್ನಲ್ ವೈರಿನಲ್ಲಿ ಮೀಟರ್ ಹಿಡಿದೆ. ಗಾಳಿಯೇ ಓಡದಿರುವಾಗ ಈ ಬಗೆಯ ಸೆನ್ಸರಿನಲ್ಲಿ 1.00 ವೋಲ್ಟ್ ಹತ್ತಿರ ಇರಬೇಕು. ಇಲ್ಲಿ 1.06, ಅಂದರೆ ಇಲ್ಲದ ಗಾಳಿಯನ್ನು ಇದೆ ಅನ್ನುತ್ತಿತ್ತು.

ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ಹಿಂದಿನ ಓನರ್ ಎಣ್ಣೆ ಹಚ್ಚಿದ ಕೋನ್ ಫಿಲ್ಟರ್ ಹಾಕಿಸಿದ್ದರು, ಪಿಕಪ್ ಜಾಸ್ತಿ ಬರಲಿ ಅಂತ. ಆ ಎಣ್ಣೆ ಸಣ್ಣಗೆ ಹಾರಿ ಸೆನ್ಸರಿನೊಳಗೆ ಗಾಳಿ ಅಳೆಯುವ ತೆಳು ಫಿಲ್ಮ್ ಮೇಲೆ ಕೂತಿತ್ತು, ಅದಕ್ಕೆ ಧೂಳು ಅಂಟಿತ್ತು. ಹೀಗೆ ಕೊಳೆಯಾದ ಸೆನ್ಸರ್ ಕಡಿಮೆ ಗಾಳಿ ಓಡುವಾಗ ಹೆಚ್ಚು ತೋರಿಸಬಹುದು, ಜೋರಾಗಿ ಓಡುವಾಗ ಕಡಿಮೆ. ಘಾಟಿಯಲ್ಲಿ ಪಿಕಪ್ ಸತ್ತದ್ದಕ್ಕೂ ಇದೇ ಕಾರಣ. ಗಾಳಿ ಕಡಿಮೆ ಅಂದುಕೊಂಡು ಇಸಿಯು ಡೀಸೆಲ್ ಕಡಿಮೆ ಮಾಡುತ್ತದೆ. ಇತ್ತ ಕಡಿಮೆ ಸ್ಪೀಡಿನಲ್ಲಿ ವಾಲ್ವ್ ಸುಮ್ನೆ ಬಾಯಿ ತೆರೆದುಕೊಂಡೇ ಇರುತ್ತಿತ್ತು, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಹೊಗೆ ಒಳಗೆ ಹೋಗಿ ಮಸಿ ಕಟ್ಟಿತ್ತು. ಕೋಡ್ ಹೇಳುವುದಕ್ಕೆ ಪೂರಾ ಉಲ್ಟಾ.

ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದೆ. ಕಾರ್ಬೊರೇಟರ್ ಕ್ಲೀನರ್ ಹೊಡೆಯಬೇಡಿ, ಬೆರಳೂ ತಾಗಿಸಬೇಡಿ, ಫಿಲ್ಮ್ ಹಾಳಾಗುತ್ತದೆ. ವೋಲ್ಟ್ ಸ್ವಲ್ಪ ಇಳಿಯಿತು, ಸಾಲಲಿಲ್ಲ. ಒರಿಜಿನಲ್ ಸೆನ್ಸರನ್ನೇ ತರಿಸಿ ಹಾಕಿದೆ, ಡೂಪ್ಲಿಕೇಟ್ ಹಾಕಿದರೆ ಮತ್ತೆ ಇದೇ ರಾಮಾಯಣ. ಮಾಮೂಲಿ ಪೇಪರ್ ಫಿಲ್ಟರ್ ಕೂರಿಸಿ, ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹೋಗುವ ಕೊಳವೆ) ಬಿಚ್ಚಿ ಮಸಿ ತೆಗೆದೆ. ಈಗ ವಾಲ್ವ್ ಮುಚ್ಚಿದರೆ 324. ತೆರೆದಾಗ 230ಕ್ಕೆ ಬಂದು ನಿಲ್ಲುತ್ತದೆ, ಅದಕ್ಕೆ 40% ಆರ್ಡರ್ ಸಾಕು.

"ಇಜಿಆರ್ ದಾರಿಗೆ ಪ್ಲೇಟ್ ಹಾಕಿ ಮುಚ್ಚಿಬಿಡಿ ಅಂತ ಒಬ್ಬರು ಹೇಳಿದ್ರು, ಹಾಗೆ ಮಾಡಿದ್ರೆ ಆಗ್ತಿತ್ತಲ್ವಾ?" ಅಂತ ಓನರ್ ಕೇಳಿದರು. ಆಗುತ್ತಿರಲಿಲ್ಲ. ಪ್ಲೇಟ್ ಹಾಕಿದರೆ ಗಾಳಿಯ ಲೆಕ್ಕ ಇಳಿಯುವುದೇ ಇಲ್ಲ, ಅದೇ ಪಿ0401 ಮತ್ತೆ ಬರುತ್ತದೆ. ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಏರುವುದು ಬೇರೆ.