ಉಯಿಲಿನಲ್ಲಿ ಶಾಲೆಗೆ ದತ್ತಿ: ನಾವು ಮಾಡಿದ ಬಗೆ

“ನಮ್ಮೂರ ಶಾಲೆಯ ಬಡ ಮಕ್ಕಳಿಗೆ ಹತ್ತು ಲಕ್ಷ ರೂಪಾಯಿ ಸೇರತಕ್ಕದ್ದು” ಎಂದು ಉಯಿಲಿನಲ್ಲಿ ಒಂದೇ ಸಾಲು ಬರೆದಿಟ್ಟರೆ, ಆ ಹಣ ಕೈ ಸೇರುವ ಹೊತ್ತಿಗೆ ಆ ಮಕ್ಕಳಿಗೇ ಮಕ್ಕಳಾಗಿರುತ್ತವೆ. ಯಾವ ಶಾಲೆ, ಯಾರ ಖಾತೆ, ಬಡವರು ಯಾರೆಂದು ತೀರ್ಮಾನಿಸುವವರು ಯಾರು, ಅಸಲನ್ನೂ ಖರ್ಚು ಮಾಡಬಹುದೋ ಬಡ್ಡಿಯನ್ನು ಮಾತ್ರವೋ, ಒಂದಕ್ಕೂ ಆ ಸಾಲಿನಲ್ಲಿ ಉತ್ತರವಿಲ್ಲ. ಕೇಳೋಣವೆಂದರೆ ಬರೆದವರು ಇರುವುದಿಲ್ಲ. ಹಾಗಾಗಿ ನಾವು ತಿರುಗಿಸಿ ಮಾಡಿದೆವು. ಮೊದಲು ಎರಡು ಲಕ್ಷದ ಸಣ್ಣ ನಿಧಿ ಇಟ್ಟು, ನಿಯಮ ಬರೆದು, ಹಂಚಿ ನೋಡಿ, ನಿಯಮ ತಿದ್ದಿದೆವು. ಆಮೇಲೆ ನಡೆಯುತ್ತಿರುವ ಆ ನಿಧಿಗೇ ಮಿಕ್ಕದ್ದು ಸೇರುವಂತೆ ಉಯಿಲು ಬರೆಸಿದೆವು. ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಿಂದ ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಹೋಗುವ ಮಕ್ಕಳು ಇದರ ವ್ಯಾಪ್ತಿ.

ಹಣ ಎಲ್ಲಿ ಇಡಬೇಕು ಎನ್ನುವುದು ಮೊದಲ ತೀರ್ಮಾನ. ನಮ್ಮ ಕಡೆ ರೂಢಿಯಲ್ಲಿರುವುದು ಶಾಲೆಯ ಹೆಸರಿನಲ್ಲಿ ಬ್ಯಾಂಕ್ ಠೇವಣಿ ಇಟ್ಟು ಬಡ್ಡಿಯಲ್ಲಿ ದತ್ತಿ ಬಹುಮಾನ ಕೊಡುವ ಪದ್ಧತಿ. ಸಣ್ಣ ಮೊತ್ತಕ್ಕೆ ಇದು ಸಾಕು, ಆದರೆ ಠೇವಣಿ ಹೆಡ್‌ಮಾಸ್ಟರ ಸ್ವಂತ ಹೆಸರಿನಲ್ಲಿರಬಾರದು. “ಮುಖ್ಯ ಶಿಕ್ಷಕರು” ಎಂಬ ಹುದ್ದೆಯ ಹೆಸರಿನಲ್ಲಿದ್ದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಜಂಟಿ ಸಹಿ ಬೇಕು. ಸಮಿತಿಯ ನಡಾವಳಿ ಪುಸ್ತಕದಲ್ಲಿ ಠರಾವು ಆಗಬೇಕು, ಅದರ ನಕಲು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೂ ಹೋಗಿ ಸ್ವೀಕೃತಿ ಮುದ್ರೆ ಬೀಳಬೇಕು. ಇಷ್ಟಾದರೂ ಕೆಡುವ ಜಾಗ ಒಂದಿದೆ. ಹೆಡ್‌ಮಾಸ್ಟರಿಗೆ ವರ್ಗವಾಗುತ್ತದೆ, ಠೇವಣಿ ರಸೀದಿ ಬೀರುವಿನಲ್ಲಿ ಉಳಿಯುತ್ತದೆ, ಹೊಸಬರಿಗೆ ಅದು ಏನೆಂದು ಗೊತ್ತಿರುವುದಿಲ್ಲ. ಅವಧಿ ಮುಗಿದು ನವೀಕರಣವಾಗದ ಠೇವಣಿಗೆ ಉಳಿತಾಯ ಖಾತೆಯ ಬಡ್ಡಿ ಅಥವಾ ಮೂಲ ಒಪ್ಪಂದದ ಬಡ್ಡಿ, ಎರಡರಲ್ಲಿ ಕಡಿಮೆಯದು ಮಾತ್ರ ಸಿಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಬ್ಯಾಂಕ್ ಆ ಹಣವನ್ನು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳುಹಿಸುತ್ತದೆ. ವಾಪಸು ಕೇಳಬಹುದು, ಆದರೆ ಕೇಳಲು ರಸೀದಿಯ ನೆನಪಿರುವ ಒಬ್ಬರಾದರೂ ಇರಬೇಕಲ್ಲ. ನಿಮ್ಮೂರ ಶಾಲೆಯಲ್ಲಿ ಹಳೆಯ ದತ್ತಿಗಳಿದ್ದರೆ ಯಾರೂ ಕೇಳದ ಠೇವಣಿಗಳನ್ನು ಹುಡುಕುವ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲಿನಲ್ಲಿ ಒಮ್ಮೆ ಹುಡುಕಿಸಿ. ಅವಧಿ ಮುಗಿದಾಗ ತಾನಾಗಿ ನವೀಕರಣವಾಗುವಂತೆ ಮೊದಲ ದಿನವೇ ಬರೆದುಕೊಡುವುದು ಇದಕ್ಕೆ ಸುಲಭ ಪರಿಹಾರ.

ಐದು ಲಕ್ಷ ದಾಟುವ ಮೊತ್ತವಾದರೆ ಈಗಾಗಲೇ ನಡೆಯುತ್ತಿರುವ, ಆದಾಯ ತೆರಿಗೆ ಇಲಾಖೆಯ ನೋಂದಣಿ ಇರುವ ಸಾರ್ವಜನಿಕ ಟ್ರಸ್ಟಿನಲ್ಲಿ ಪ್ರತ್ಯೇಕ ಇಡುಗಂಟಾಗಿ (ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ನಿಧಿ) ಇಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ನಾವು ಮಾಡಿದ್ದೂ ಹಾಗೆಯೇ. ಸ್ವಂತ ಟ್ರಸ್ಟ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ಅಪ್ಪನ ಹೆಸರೋ ಅಮ್ಮನ ಹೆಸರೋ ಬೋರ್ಡಿನ ಮೇಲೆ ಬರಲಿ ಎಂದು. ಆದರೆ ವರ್ಷ ವರ್ಷ ಲೆಕ್ಕ ಬರೆಸಿ, ಆಡಿಟ್ ಮಾಡಿಸಿ, ರಿಟರ್ನ್ ಸಲ್ಲಿಸಿ, ನೋಂದಣಿ ನವೀಕರಿಸಲು ಐವತ್ತರ ಒಳಗಿನ ಮೂವರಾದರೂ ಇಲ್ಲದಿದ್ದರೆ ಅದು ಸಂಸ್ಥಾಪಕರ ಜೊತೆಗೇ ಮುಗಿಯುತ್ತದೆ. ಹೆಸರು ಬೇಕಿದ್ದರೆ ಇರುವ ಟ್ರಸ್ಟಿನೊಳಗಿನ ಇಡುಗಂಟಿಗೂ ಇಡಬಹುದು.

ಟ್ರಸ್ಟಿಗೆ ಕೊಡುವಾಗ ಚೆಕ್ಕಿನ ಜೊತೆ ಪತ್ರ ಇರಲೇಬೇಕು. “ಇದು ಇಡುಗಂಟಿಗೆ ಕೊಟ್ಟ ಹಣ, ಅಸಲು ಖರ್ಚಾಗಕೂಡದು, ಬಡ್ಡಿಯನ್ನು ವಿದ್ಯಾರ್ಥಿವೇತನಕ್ಕೆ ಮಾತ್ರ ಬಳಸತಕ್ಕದ್ದು” ಎಂಬ ಸ್ಪಷ್ಟ ಮಾತಿಲ್ಲದಿದ್ದರೆ ತೆರಿಗೆ ಲೆಕ್ಕದಲ್ಲಿ ಅದು ಆ ವರ್ಷದ ಸಾಮಾನ್ಯ ದೇಣಿಗೆಯಾಗುತ್ತದೆ. ಆಗ ಟ್ರಸ್ಟ್ ಅದರ ಬಹುಪಾಲನ್ನು ಖರ್ಚು ಮಾಡಿಯೇ ತೋರಿಸಬೇಕಾಗುತ್ತದೆ. ಉಯಿಲಿನ ಕಲಮಿನಲ್ಲೂ ಇದೇ ಮಾತು ಬರಬೇಕು.

ಈಗ ಲೆಕ್ಕ. ಬಡ್ಡಿ ಶೇ 6.5 ಎಂದು ಹಿಡಿಯೋಣ. ಎರಡು ಲಕ್ಷಕ್ಕೆ ವರ್ಷಕ್ಕೆ 13,000 ರೂಪಾಯಿ. ಅದರಲ್ಲಿ ಶೇ 15 ಅಂದರೆ 1,950 ರೂಪಾಯಿ ಉಳಿಸಿ ಮತ್ತೆ ಠೇವಣಿಗೆ ಸೇರಿಸುತ್ತೇವೆ, ಉಳಿದ 11,050ರಲ್ಲಿ ಒಂದು ಮಗುವಿಗೆ 9,000. ಉಯಿಲಿನ ಹಣ ಸೇರಿ ಇಡುಗಂಟು ಹತ್ತು ಲಕ್ಷವಾದರೆ ಬಡ್ಡಿ 65,000, ತೆಗೆದಿಡುವುದು 9,750, ಉಳಿಯುವುದು 55,250. ಆರು ಮಕ್ಕಳಿಗೆ ತಲಾ 9,000ದಂತೆ 54,000. ಶೇ 15ಕ್ಕೇ ಯಾಕೆ ನಿಲ್ಲಿಸಿದ್ದು ಎಂದರೆ, ನೋಂದಾಯಿತ ಟ್ರಸ್ಟ್ ತನ್ನ ಆದಾಯದ ಶೇ 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಅದಕ್ಕಿಂತ ಹೆಚ್ಚು ಉಳಿಸಿಕೊಳ್ಳಬೇಕಾದರೆ ಕಾರಣ, ಅವಧಿ ತಿಳಿಸಿ ಬೇರೆ ಅರ್ಜಿ ಹಾಕಬೇಕು. ಇಷ್ಟು ಉಳಿಸಿದರೂ ಬೆಲೆ ಏರಿಕೆಯನ್ನು ಹಿಂದಿಕ್ಕಲು ಆಗದು. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಇವತ್ತಿನ 9,000ದ ಬೆಲೆ ಹದಿನಾಲ್ಕು ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ನಿಯಮದಲ್ಲಿ ಬರೆದಿದ್ದೇವೆ: ಹಣ ಸಾಲದೆ ಬಂದಾಗ ಮಕ್ಕಳ ಸಂಖ್ಯೆ ಕಡಿಮೆ ಮಾಡಬೇಕೇ ಹೊರತು ಒಬ್ಬೊಬ್ಬರಿಗೆ ಕೊಡುವ ಮೊತ್ತವನ್ನಲ್ಲ. ಹಿಂದೆ ಐದು ಸಾವಿರ ಇಟ್ಟುಹೋದವರ ದತ್ತಿ ಈಗ ವರ್ಷಕ್ಕೊಂದು ಸ್ಟೀಲ್ ತಟ್ಟೆಯಾಗಿ ಉಳಿದಿರುವುದನ್ನು ಶಾಲಾ ವಾರ್ಷಿಕೋತ್ಸವಕ್ಕೆ ಹೋದವರೆಲ್ಲ ನೋಡಿರುತ್ತಾರೆ.

ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ, ಅಸಲು ಬಡ್ಡಿ ಸೇರಿ, ಐದು ಲಕ್ಷದವರೆಗೆ ಮಾತ್ರ. ಹತ್ತು ಲಕ್ಷವನ್ನು ಒಂದೇ ಕಡೆ ಇಡದೆ ಹಂಚಿ ಇಡುವುದು ಒಳ್ಳೆಯದು. ಒಂದೂವರೆ ಪರ್ಸೆಂಟ್ ಹೆಚ್ಚು ಬಡ್ಡಿ ಎಂದು ಸೌಹಾರ್ದ ಸಹಕಾರಿಗಳತ್ತ ಮನಸ್ಸು ಎಳೆಯುತ್ತದೆ. ಅಂಥ ಪತ್ತಿನ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಸ್ವಂತ ಹಣದಲ್ಲಿ ಏನು ಬೇಕಾದರೂ ಮಾಡಿ, ದತ್ತಿಯ ಹಣ ಅಲ್ಲಿಗೆ ಬೇಡ. ಬಡ್ಡಿ ವರ್ಷಕ್ಕೆ 50,000 ದಾಟಿದರೆ ಬ್ಯಾಂಕ್ ಶೇ 10 ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿಯುತ್ತದೆ, ಪ್ಯಾನ್ ಇಲ್ಲದಿದ್ದರೆ ಶೇ 20. ಠೇವಣಿಗೆ ಯಾರದೋ ವೈಯಕ್ತಿಕ ಪ್ಯಾನ್ ಕೊಟ್ಟಿದ್ದರೆ ಆ ಬಡ್ಡಿ ಅವರ ಆದಾಯವಾಗಿ ಕಾಣಿಸಿಕೊಳ್ಳುತ್ತದೆ. ಆಮೇಲೆ ಅವರು ಸಹಿ ಹಾಕಲೇ ಹಿಂಜರಿಯುತ್ತಾರೆ.

ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬರೆದವರು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಬೇಕು, ಸಾಕ್ಷಿಗಳು ಬರೆದವರ ಎದುರು ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿದೆವು. ಕಾಗದ ಕಳೆದರೆ ದೃಢೀಕೃತ ನಕಲು ಸಿಗುತ್ತದೆ ಎನ್ನುವುದೇ ದೊಡ್ಡ ಲಾಭ. ನೋಂದಣಿಯಾದ ಉಯಿಲಿಗೆ ಎದುರಿಲ್ಲ ಎಂಬ ನಂಬಿಕೆ ಮಾತ್ರ ತಪ್ಪು. ತಕರಾರು ಬಂದರೆ ನೋಂದಾಯಿತ ಉಯಿಲನ್ನೂ ಕನಿಷ್ಠ ಒಬ್ಬ ಸಾಕ್ಷಿಯನ್ನು ಕರೆಸಿ ರುಜುವಾತು ಮಾಡಬೇಕು. ಆದ್ದರಿಂದ ಸಾಕ್ಷಿಗಳು ನಿಮಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರಿರಲಿ, ಒಬ್ಬರು ನಿಮ್ಮನ್ನು ನೋಡುವ ಡಾಕ್ಟರಾದರೆ ಬುದ್ಧಿ ಸ್ಥಿಮಿತದ ಪ್ರಶ್ನೆಗೂ ಉತ್ತರವಾಯಿತು. ಹಣ ಪಡೆಯುವ ಟ್ರಸ್ಟಿನವರನ್ನು, ಶಾಲೆಯವರನ್ನು ಸಾಕ್ಷಿ ಮಾಡಬೇಡಿ. ಹಿಂದೂಗಳ ಉಯಿಲಿಗೆ ನಮ್ಮ ಜಿಲ್ಲೆಯಲ್ಲಿ ಪ್ರೊಬೇಟ್ (ಉಯಿಲಿಗೆ ಕೋರ್ಟಿನ ದೃಢೀಕರಣ) ಕಡ್ಡಾಯವಿಲ್ಲ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರರಲ್ಲಿ ಒಂದು ಭಾಗದವರೆಗೆ ಮಾತ್ರ ಉಯಿಲಿನಿಂದ ಕೊಡಬಹುದು. ಧರ್ಮಕಾರ್ಯಕ್ಕೆ ಉಯಿಲು ಬರೆದು ಹನ್ನೆರಡು ತಿಂಗಳು ಬದುಕಿರಬೇಕೆಂದು ಕ್ರೈಸ್ತರಿಗೆ ಹಿಂದೆ ಇದ್ದ ಷರತ್ತನ್ನು ಸುಪ್ರೀಂ ಕೋರ್ಟ್ 2003ರಲ್ಲೇ ರದ್ದು ಮಾಡಿದೆ. ಹಳೆಯ ಪತ್ರ ಬರಹಗಾರರು ಕೆಲವರು ಇನ್ನೂ ಅದನ್ನೇ ಹೇಳುತ್ತಾರೆ.

ಕೊಡುವುದು ನಿಮ್ಮದಾಗಿದ್ದರೆ ಮಾತ್ರ. ವಿಭಾಗವಾಗದ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಉಯಿಲಿನಲ್ಲಿ ಬರೆಯಬಹುದು, ಆ ಪಾಲು ಎಷ್ಟೆಂದು ಲೆಕ್ಕ ಹಾಕುವಾಗ ಹೆಣ್ಣುಮಕ್ಕಳೂ ಸಮಾನ ಹಕ್ಕುದಾರರು. ತೋಟವನ್ನೇ ಶಾಲೆಗೋ ಟ್ರಸ್ಟಿಗೋ ಬರೆಯುವ ಯೋಚನೆ ನನಗೆ ಒಗ್ಗದು. ಪಹಣಿ ಜಂಟಿ, ಪೋಡಿ (ಅಳೆದು ಪಾಲು ಬೇರೆ ಮಾಡುವುದು) ಆಗಿಲ್ಲ, ಕೆಲಸಕ್ಕೆ ಆಳಿಲ್ಲ, ಕಾಫಿ ದರ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇಲ್ಲ. ಮೇಷ್ಟ್ರುಗಳ ಕೈಯಲ್ಲಿ ಚಿಗುರು ಕಸಿ (ಕಾಫಿ ಗಿಡದ ಬೇಡದ ಚಿಗುರು ತೆಗೆಯುವ ಕೆಲಸ) ಮಾಡಿಸುವುದಕ್ಕಾಗುತ್ತದೆಯೇ? ಬ್ಯಾಂಕ್ ಠೇವಣಿಯಲ್ಲಿ ಇಷ್ಟು ಪಾಲು ಎಂದು ಬರೆಯುವುದೇ ಸಲೀಸು. ಮೊತ್ತ ಬರೆಯುವುದಕ್ಕಿಂತ ಪಾಲು ಬರೆಯುವುದು ಯಾಕೆ ಮೇಲೆಂದರೆ, ಕೊನೆಗಾಲದ ಆಸ್ಪತ್ರೆ ಖರ್ಚಿನಲ್ಲಿ ಕೈ ಬರಿದಾದರೆ ನಿಗದಿತ ಹತ್ತು ಲಕ್ಷ ಹೆಂಡತಿ ಮಕ್ಕಳ ಪಾಲನ್ನು ತಿನ್ನುತ್ತದೆ. ನಾವು ಬರೆಸಿದ ಕಲಮು ಹೆಚ್ಚೂ ಕಡಿಮೆ ಹೀಗಿದೆ: “ನನ್ನ ಉತ್ತರಕ್ರಿಯೆ, ಸಾಲ ಮತ್ತು ತೆರಿಗೆಗಳು ತೀರಿದ ಮೇಲೆ ನನ್ನ ಹೆಸರಿನಲ್ಲಿ ಉಳಿಯುವ ಎಲ್ಲ ಬ್ಯಾಂಕ್ ಠೇವಣಿಗಳ ಒಟ್ಟು ಮೊತ್ತದಲ್ಲಿ ನೂರಕ್ಕೆ ಇಪ್ಪತ್ತು ಭಾಗವು ಸದರಿ ಟ್ರಸ್ಟಿನಲ್ಲಿರುವ ಸದರಿ ವಿದ್ಯಾರ್ಥಿವೇತನ ನಿಧಿಯ ಇಡುಗಂಟಿಗೆ ಸೇರತಕ್ಕದ್ದು.” ಟ್ರಸ್ಟಿನ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸ ಅದೇ ಕಲಮಿನಲ್ಲಿವೆ.

ನಾಮಿನಿ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಬ್ಯಾಂಕ್ ಠೇವಣಿಗೆ ವ್ಯಕ್ತಿಗಳನ್ನು ನಾಮಿನಿ ಮಾಡುತ್ತಾರೆ, ಶಾಲೆಯನ್ನಲ್ಲ. ಬ್ಯಾಂಕ್ ಹಣವನ್ನು ನಾಮಿನಿಯ ಕೈಗೆ ಕೊಡುತ್ತದೆ, ಆದರೆ ನಾಮಿನಿ ಅದರ ಯಜಮಾನರಲ್ಲ, ಉಯಿಲಿನಂತೆ ಹಂಚಬೇಕಾದವರು. ಉಯಿಲು ಜಾರಿ ಮಾಡಲು ಹೆಸರಿಸಿದ ಎಕ್ಸಿಕ್ಯೂಟರ್ ಒಬ್ಬರು, ನಾಮಿನಿ ಇನ್ನೊಬ್ಬರು ಆದರೆ ತಿಕ್ಕಾಟಕ್ಕೆ ದಾರಿ. ಇಬ್ಬರೂ ಒಬ್ಬರೇ ಆಗಿರುವಂತೆ ನೋಡಿಕೊಂಡೆವು, ಅವರಿಗೆ ಮೊದಲೇ ತಿಳಿಸಿ ಒಪ್ಪಿಗೆಯನ್ನೂ ಪಡೆದೆವು.

ಯಾರಿಗೆ ಕೊಡಬೇಕು ಎಂಬ ನಿಯಮಕ್ಕೇ ಹೆಚ್ಚು ತಲೆ ಕೆಡಿಸಿಕೊಂಡದ್ದು. ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ ಇವೆ. ಖರ್ಚಿನ ಏಟು ಬೀಳುವುದು ಮೊದಲ ಪಿಯುಸಿಯಲ್ಲಿ: ಪ್ರವೇಶ ಶುಲ್ಕ, ಪುಸ್ತಕ, ಊಟ, ಪೇಟೆಯಲ್ಲಿ ರೂಮು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ಆದರೆ ಖಾಸಗಿ ಬಸ್ಸೋ ಜೀಪೋ ಮಾತ್ರ ಓಡುವ ದಾರಿಗಳಲ್ಲಿ ಅದು ನಡೆಯದು, ಮಲೆನಾಡಿನಲ್ಲಿ ಅಂಥ ದಾರಿಗಳು ಸಾಕಷ್ಟಿವೆ. ಸರ್ಕಾರದ ವಿದ್ಯಾರ್ಥಿವೇತನಗಳು ಇವೆ, ಅವು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನ ಮೂಲಕ ಬರುವ ಹೊತ್ತಿಗೆ ಪ್ರವೇಶದ ಕಾಲ ದಾಟಿರುತ್ತದೆ. ಹಾಗಾಗಿ ನಮ್ಮ ಹಣ ಸರ್ಕಾರದ ಹಣಕ್ಕೆ ಬದಲಿಯಲ್ಲ, ಅದು ಬರುವವರೆಗಿನ ಆಸರೆ. ಬೇರೆ ವೇತನ ಪಡೆಯುವವರಿಗೆ ಇಲ್ಲ ಎಂಬ ಷರತ್ತನ್ನು ಬೇಕೆಂದೇ ಹಾಕಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಹೊತ್ತಿಗೆ ಕೈಯಲ್ಲಿ ಹಣವಿರಬೇಕು. ಠೇವಣಿಯ ವಾರ್ಷಿಕ ಬಡ್ಡಿ ಏಪ್ರಿಲ್ ಕೊನೆಗೆ ಬೀಳುವಂತೆ ಠೇವಣಿ ಇಡುವ ದಿನವನ್ನೇ ಹೊಂದಿಸಿಕೊಂಡೆವು. ಪ್ರವೇಶದ ಸಮಯಕ್ಕೆ 5,000, ನವೆಂಬರ್‌ನಲ್ಲಿ 4,000. ಎರಡನೆಯ ಕಂತು ನವೆಂಬರಿಗೇ ಯಾಕೆಂದರೆ ಕಾಫಿ ಹಣ್ಣು ಕೊಯ್ಲು ಶುರುವಾಗಿ, ಹದಿನಾರು ಹದಿನೇಳರ ಹುಡುಗರನ್ನು ಕೂಲಿ ಸೆಳೆಯುವ ಕಾಲ ಅದು. ಒಮ್ಮೆ ಆಯ್ಕೆಯಾದ ಮಗುವಿಗೆ ಎರಡೂ ವರ್ಷ ಖಾತ್ರಿ. ಆರು ಮಕ್ಕಳೆಂದರೆ ವರ್ಷಕ್ಕೆ ಮೂವರು ಹೊಸಬರು.

ಶೇ 75 ಹಾಜರಾತಿ ಇರಲೇಬೇಕು ಎಂದು ಮೊದಲ ಕರಡಿನಲ್ಲಿ ಎಲ್ಲರೂ ಬರೆಯುತ್ತಾರೆ. ಕೊಯ್ಲಿನ ತಿಂಗಳಲ್ಲಿ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋದ ಮಗುವೇ ಆ ಜರಡಿಯಲ್ಲಿ ಮೊದಲು ಉದುರುವುದು. ಹಾಜರಾತಿ ಕಡಿಮೆಯಾದರೆ ಮೇಷ್ಟ್ರು ಮನೆಗೆ ಹೋಗಿ ವಿಚಾರಿಸಬೇಕು, ಹಣ ನಿಲ್ಲಿಸಬಾರದು ಎಂದು ಬರೆದಿದ್ದೇವೆ. ಅಂಕದ ಷರತ್ತೂ ಅಷ್ಟೇ: ಪಾಸಾಗಿ ಮುಂದೆ ಸೇರಿದರೆ ಸಾಕು. ಶೇ 95 ತೆಗೆದವರಿಗೆ ಸನ್ಮಾನ ಮಾಡಲು ಊರಲ್ಲಿ ಸಂಘಗಳು ಬೇಕಾದಷ್ಟಿವೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೇಳುತ್ತೇವೆ, ಆದರೆ ಎಸ್ಟೇಟ್ ಲೈನ್‌ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳು) ಇರುವ ಹೊರರಾಜ್ಯದ ಕುಟುಂಬಗಳ ಬಳಿ ಇಲ್ಲಿನ ರೇಷನ್ ಕಾರ್ಡೂ ಇರುವುದಿಲ್ಲ, ಪ್ರಮಾಣಪತ್ರವೂ ಆಗುವುದಿಲ್ಲ. ಅವರಿಗೆ ತರಗತಿ ಶಿಕ್ಷಕರ ಮತ್ತು ಹೆಡ್‌ಮಾಸ್ಟರ ಜಂಟಿ ಪತ್ರ ಸಾಕು. ಜಾತಿ, ಮತದ ನಿರ್ಬಂಧ ಬೇಡವೇ ಬೇಡ. ಒಂದು ಜಾತಿಗೋ ಮತಕ್ಕೋ ಮೀಸಲಾದ ಟ್ರಸ್ಟಿಗೆ ತೆರಿಗೆ ವಿನಾಯಿತಿಯಲ್ಲೂ ತೊಡಕಾಗುತ್ತದೆ. ಹಣ ತಾಯಿಯ ಜೊತೆಗಿನ ಜಂಟಿ ಖಾತೆಗೇ ನೇರವಾಗಿ ಹೋಗುತ್ತದೆ. ಎರಡು ವರ್ಷ ವ್ಯವಹಾರವಿಲ್ಲದೆ ಖಾತೆ ನಿಷ್ಕ್ರಿಯವಾಗಿರಬಹುದು, ಹಾಗಾಗಿ ಮೇ ತಿಂಗಳಲ್ಲೇ ಒಂದು ರೂಪಾಯಿ ಹಾಕಿ ನೋಡುತ್ತೇವೆ. ಆಯ್ಕೆ ಮಾಡುವವರು ಹೆಡ್‌ಮಾಸ್ಟರು, ಎಸ್‌ಡಿಎಂಸಿಯ ಒಬ್ಬರು ಮತ್ತು ಟ್ರಸ್ಟಿನ ಒಬ್ಬರು. ನಮ್ಮ ಮನೆಯವರು ಯಾರೂ ಇಲ್ಲ.

ಶಾಲೆ ಮುಚ್ಚಿದರೆ? ಮಕ್ಕಳಿಲ್ಲದೆ ಶಾಲೆಗಳು ಮುಚ್ಚುವುದು, ಇನ್ನೊಂದಕ್ಕೆ ಸೇರುವುದು ಮಲೆನಾಡಿಗೆ ಹೊಸದಲ್ಲ. ಹಾಗಾದಲ್ಲಿ ವಿಲೀನವಾದ ಶಾಲೆಗೆ, ಅದೂ ಇಲ್ಲದಿದ್ದರೆ ಅದೇ ಹೋಬಳಿಯ ಸರ್ಕಾರಿ ಪ್ರೌಢಶಾಲೆಗೆ, ಕೊನೆಗೆ ತಾಲ್ಲೂಕಿನ ಯಾವುದಾದರೂ ಸರ್ಕಾರಿ ಶಾಲೆಗೆ ಎಂದು ಮೂರು ಮೆಟ್ಟಿಲು ಬರೆದಿಟ್ಟಿದ್ದೇವೆ. ಹೀಗೆ ಬರೆಯದಿದ್ದರೆ ಉದ್ದೇಶ ಬದಲಿಸಲು ಕೋರ್ಟಿಗೇ ಹೋಗಬೇಕಾಗುತ್ತದೆ.

ತೆರಿಗೆ ಉಳಿಯುವುದು ಬದುಕಿದ್ದಾಗ ಕೊಟ್ಟದ್ದಕ್ಕೆ ಮಾತ್ರ, ಅದೂ ದೇಣಿಗೆಗೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ) ಇರುವ ಸಂಸ್ಥೆಗೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ, 2,000 ರೂಪಾಯಿ ಮೀರಿದ್ದು ನಗದಾಗಿರದಿದ್ದರೆ.

ಉಯಿಲಿನ ಮೂಲ ಪ್ರತಿಯನ್ನು ಲಾಕರಿನಲ್ಲಿ ಇಟ್ಟಿಲ್ಲ, ಲಾಕರು ಯಾರು ತೆರೆಯಬೇಕೆಂದು ಹೇಳುವ ಕಾಗದ ಅದರೊಳಗೇ ಇದ್ದರೆ ಉಪಯೋಗವಿಲ್ಲ. ಅದು ಎಕ್ಸಿಕ್ಯೂಟರ ಬಳಿ ಇದೆ, ನಕಲು ವಕೀಲರ ಬಳಿ. ಮರಣವಾದ ದಿನದಿಂದ ಒಂದು ವರ್ಷದವರೆಗೆ ಉಯಿಲಿನ ಹಣ ಕೊಡಲೇಬೇಕೆಂದು ಎಕ್ಸಿಕ್ಯೂಟರನ್ನು ಕಾನೂನು ಒತ್ತಾಯಿಸುವುದಿಲ್ಲ. ಆ ಒಂದು ವರ್ಷ ಮೊದಲಿನ ಎರಡು ಲಕ್ಷದ ಬಡ್ಡಿಯಲ್ಲೇ ಒಂದು ಮಗುವಿನ ವೇತನ ನಡೆಯುತ್ತದೆ. ಹಣ ಸಂದಾಯವಾದ ಮೇಲೆ ಟ್ರಸ್ಟಿನಿಂದ “ಇಡುಗಂಟಿಗೆ” ಎಂದು ನಮೂದಿಸಿದ ರಸೀದಿ ಪಡೆದು, ಒಂದು ನಕಲನ್ನು ಶಾಲೆಯ ನಡಾವಳಿ ಪುಸ್ತಕಕ್ಕೆ ಅಂಟಿಸಿ, ಇನ್ನೊಂದನ್ನು ಉಳಿದ ವಾರಸುದಾರರಿಗೆ ಕೊಡಬೇಕೆಂದು ಎಕ್ಸಿಕ್ಯೂಟರಿಗೆ ಬರೆದುಕೊಟ್ಟಿದ್ದೇವೆ.