ಮಾತ್ರೆ ಲೆಕ್ಕ ಸರಿಯಾಗೇ ಇತ್ತು

ನಾನು ಎಆರ್‌ಟಿ ಸೆಂಟರ್‌ನಲ್ಲಿ ಕೌನ್ಸೆಲರ್. ಎಚ್‌ಐವಿ ಇರುವವರಿಗೆ ಮಾತ್ರೆ ಹೇಗೆ ತಗೋಬೇಕು ಅಂತ ಹೇಳಿಕೊಡುವುದು, ಉಳಿದದ್ದನ್ನು ಎಣಿಸುವುದು ನನ್ನ ಕೆಲಸ. ನಾನು ಸೇರಿದಾಗ ಜಿಡೊವುಡಿನ್ ಅನ್ನೋ ಹಳೆಯ ಎಚ್‌ಐವಿ ಔಷಧಿಯ ಕಾಲ. ಅದರಿಂದ ಕೆಲವರಿಗೆ ರಕ್ತ ಕಮ್ಮಿಯಾಗಿ ಮುಖ ಬಿಳಿಚಿಕೊಳ್ಳುತ್ತಿತ್ತು. ಈಗ ಹೆಚ್ಚಿನವರಿಗೆ ಟಿಎಲ್‌ಡಿ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿ ಒಂದೇ ಮಾತ್ರೆ, ದಿನಕ್ಕೊಂದು. ಇಷ್ಟು ಸುಲಭವಾಯ್ತಲ್ಲ ಅಂತ ನಾನೂ ಸ್ವಲ್ಪ ಮೈಮರೆತಿದ್ದೆ.

ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಂಗಸಿಗೆ 6 ತಿಂಗಳ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್‌ನ ಲೆಕ್ಕ, 1000 ದಾಟಿ ಬಂತು. ದಾಟಿದರೆ ನಮ್ಮ ಮೊದಲ ಅನುಮಾನ ಒಂದೇ, ಮಾತ್ರೆ ಬಿಟ್ಟಿದ್ದಾರೆ. "ದಿನಾ ತಗೋತೀನಿ ಮೇಡಂ" ಅಂದರು. ಡಬ್ಬಿಯನ್ನು ಟ್ರೇಗೆ ಸುರಿದು ಐದೈದಾಗಿ ಎಣಿಸಿದೆ. ಎಷ್ಟು ಉಳಿಯಬೇಕೋ ಅಷ್ಟೇ ಇತ್ತು. ಆದರೂ ಹತ್ತು ನಿಮಿಷ ಉಪದೇಶ ಮಾಡಿ ಕಳಿಸಿದೆ. ಆಗಿನ ನನ್ನ ದನಿ ನೆನೆದರೆ ಈಗಲೂ ನಾಚಿಕೆ.

ಮುಂದಿನ ತಿಂಗಳು ಬೇರೆ ಥರ ಕೇಳಿದೆ. "ಎದ್ದಾಗಿಂದ ಏನೇನು ನುಂಗ್ತೀರಿ, ಎಲ್ಲ ಹೇಳಿ." ನಾಲ್ಕೂವರೆಗೆ ಏಳ್ತಾರೆ. ಬರಿ ಹೊಟ್ಟೆಗೆ ನಮ್ಮ ಮಾತ್ರೆ, ಜೊತೆಗೇ ಕಬ್ಬಿಣದ ಮಾತ್ರೆ. ಯಾಕೆ ಒಟ್ಟಿಗೆ? ಅತ್ತೆ ನೋಡಿದರೆ ಎರಡೂ ರಕ್ತದ ಮಾತ್ರೆ ಅನ್ನಬಹುದಲ್ಲ ಅಂತ!

ಬರಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಕಬ್ಬಿಣಕ್ಕೋ ಕ್ಯಾಲ್ಸಿಯಂಗೋ ಅಂಟಿಕೊಂಡರೆ ಮೈಗೆ ಸೇರುವುದೇ ಕಮ್ಮಿ. ಊಟದ ಜೊತೆಗಾದರೆ ಒಟ್ಟಿಗೆ ತಗೊಂಡರೂ ನಡೆಯುತ್ತದೆ. ಇಲ್ಲದಿದ್ದರೆ ನಮ್ಮ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು, ಇಲ್ಲವೇ ಅವನ್ನು ತಗೊಂಡು 6 ಗಂಟೆ ಆದಮೇಲೆ ತಗೋಬೇಕು. ಇದು ನನಗೆ ಗೊತ್ತಿತ್ತು. ಕೇಳಿರಲಿಲ್ಲ, ಅಷ್ಟೇ.

ಡಾಕ್ಟರ್ ಹತ್ತಿರ ಮಾತಾಡಿ ಕಬ್ಬಿಣವನ್ನು ಫ್ಯಾಕ್ಟರಿಯ ಮಧ್ಯಾಹ್ನದ ಊಟಕ್ಕೆ ಹಾಕಿದೆವು. ಮನೆಯಲ್ಲಿ ಅತ್ತೆಯ ಲೆಕ್ಕಕ್ಕೆ ನಮ್ಮದೇ ಈಗ ರಕ್ತದ ಮಾತ್ರೆ. 3 ತಿಂಗಳ ನಂತರದ ರಿಪೋರ್ಟ್‌ನಲ್ಲಿ ವೈರಸ್ ಕಾಣಲಿಲ್ಲ. ಅದೊಂದೇ ಕಾರಣ ಅನ್ನೋಕಾಗಲ್ಲ ಅಂದರು ಡಾಕ್ಟರ್. ಇರಬಹುದು.

ಈಗ ಎಣಿಸುವ ಮೊದಲು ಚೀಲದಲ್ಲಿರುವ ಔಷಧಿಯನ್ನೆಲ್ಲ ಮೇಜಿನ ಮೇಲೆ ಇಡಿಸುತ್ತೇನೆ. ಮೊನ್ನೆ ಒಬ್ಬ ಅಜ್ಜ ಅರ್ಧ ಖಾಲಿಯಾದ ಆಸಿಡಿಟಿ ಸಿರಪ್ ತೆಗೆದಿಟ್ಟರು. ಮೆಗ್ನೀಷಿಯಂ, ಅಲ್ಯೂಮಿನಿಯಂ ಇರುವಂಥದ್ದು. ಅದಕ್ಕೆ ಊಟದ ವಿನಾಯಿತಿಯೂ ಇಲ್ಲ, ಅಂತರ ಬೇಕೇ ಬೇಕು. ನಾನು ಬಾಟಲಿ ತಿರುಗಿಸಿ ಓದುತ್ತಿದ್ದರೆ ಅಜ್ಜ ಕೇಳಿದರು, "ಯಾಕವ್ವಾ, ನಿಂಗೂ ಗ್ಯಾಸಾ?"