ಎರಡು ದೇಶದ ಓದು, ನಮ್ಮ ತೋಟದ ಹೂಮಳೆ

ಎರಾಸ್ಮಸ್ ಮುಂಡಸ್ ಅಂದರೆ ಬೇರೆ ಬೇರೆ ದೇಶದ ವಿಶ್ವವಿದ್ಯಾಲಯಗಳು ಸೇರಿ ನಡೆಸೋ, ಯುರೋಪಿಯನ್ ಒಕ್ಕೂಟದ ಯೋಜನೆಯ ಜಂಟಿ ಮಾಸ್ಟರ್ಸ್. ಅದಕ್ಕೆ ಸೀಟು ಸಿಕ್ಕ ದಿನ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಒಂದೇ ಕಡೆ ಕೂತು ಓದಿದ್ರೆ ಆಗಲ್ವಾ?" ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮಗಳು ದೂರ ಹೋಗೋದೇ ಅವರಿಗೆ ಕಷ್ಟವಾಗಿತ್ತು. ಅದರ ಮೇಲೆ ಊರಿಂದ ಊರಿಗೆ ಅಂದರೆ ಹೇಗೆ?

ಆದರೆ ಆ ಓಡಾಟವೇ ಈ ಕೋರ್ಸಿನ ಷರತ್ತು. ಕನಿಷ್ಠ ಎರಡು ದೇಶಗಳಲ್ಲಿ ಓದಬೇಕು. ಕೋರ್ಸಿಗೆ ಸೇರುವಾಗ ನಾವು ಯಾವ ದೇಶದಲ್ಲಿ ವಾಸ ಇರುತ್ತೇವೋ ಅದು ಈ ಎರಡರಲ್ಲಿ ಒಂದಾಗೋ ಹಾಗಿಲ್ಲ. ಒಂದೊಂದು ಕಡೆಯೂ ಕನಿಷ್ಠ ಒಂದು ಸೆಮಿಸ್ಟರ್, ಅಂದರೆ 30 ಇಸಿಟಿಎಸ್ ಕ್ರೆಡಿಟ್ (ಯುರೋಪಿನಲ್ಲಿ ಓದಿನ ಪ್ರಮಾಣ ಅಳೆಯೋ ಲೆಕ್ಕ) ಮುಗಿಸಬೇಕು. ಮನೆಯಲ್ಲಿ ಕೂತು ಆನ್‌ಲೈನ್ ಕ್ಲಾಸ್ ಕೇಳಿದರೆ ಅದು ಲೆಕ್ಕಕ್ಕೆ ಬರಲ್ಲ.

ನನ್ನದು 120 ಕ್ರೆಡಿಟ್‌ನ ಎರಡು ವರ್ಷದ ಕೋರ್ಸ್. ಮೊದಲ ವರ್ಷ ಫ್ರಾನ್ಸ್, ಮೂರನೇ ಸೆಮಿಸ್ಟರ್ ಪೋರ್ಚುಗಲ್, ನಾಲ್ಕನೆಯದು ಪೂರ್ತಿ ಥೀಸಿಸ್. ನನಗೆ ನಮ್ಮ ತೋಟದಲ್ಲೇ ಥೀಸಿಸ್ ಕೆಲಸ ಮಾಡೋ ಆಸೆ. ನೆರಳು ಮರ ಕಡಿಮೆ ಇರೋ ಕಡೆ ಅರೇಬಿಕಾ ಹೂವು ಹೇಗೆ ಕಟ್ಟುತ್ತೆ ಅಂತ ನೋಡಬೇಕಿತ್ತು. ಕಾಫಿ ಹೂವು ಅರಳಿಸೋ ಹೂಮಳೆ ಬೀಳೋದು ಮಾರ್ಚ್, ಏಪ್ರಿಲ್‌ನಲ್ಲಿ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತೆ, ಮೂರ್ನಾಲ್ಕು ದಿನಕ್ಕೆ ಬಾಡುತ್ತೆ. ತಪ್ಪಿದರೆ ಮುಂದಿನ ವರ್ಷವೇ.

ಅಪ್ಪನ ಹಾಜರಿ ಪುಸ್ತಕದ ಕೊನೆ ಹಾಳೆಯಲ್ಲಿ ಲೆಕ್ಕ ಹಾಕಿದೆ. ಫ್ರಾನ್ಸ್ 60, ಪೋರ್ಚುಗಲ್ 30. ಮೂರನೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಎರಡು ದೇಶದ ಷರತ್ತು ತೀರುತ್ತೆ. ಆದರೆ ಅದು ಇಡೀ ಯೋಜನೆಯ ಕನಿಷ್ಠ ಷರತ್ತು ಅಷ್ಟೇ. ಆಯಾ ಕೋರ್ಸಿನವರು ಅದಕ್ಕಿಂತ ಜಾಸ್ತಿ ಕೇಳಬಹುದು. ಹಾಗಾಗಿ ಕೋಆರ್ಡಿನೇಟರ್‌ಗೆ ಮೇಲ್ ಹಾಕಿದೆ. ಥೀಸಿಸ್ ಪೋರ್ಚುಗಲ್‌ನಲ್ಲೇ ನೋಂದಣಿ ಆಗಲಿ, ಗೈಡ್ ಅಲ್ಲಿನವರೇ ಇರಲಿ, ಊರಿನಲ್ಲಿ ಆರು ವಾರ ಫೀಲ್ಡ್ ಕೆಲಸ ಮಾಡಬಹುದು ಅಂದರು. ತಿಂಗಳಿಗೆ 1,400 ಯೂರೋ ಸ್ಕಾಲರ್‌ಶಿಪ್ ಬರುತ್ತಿತ್ತು. ಊರಿನಲ್ಲಿದ್ದಾಗಲೂ ಅದು ಬರುತ್ತಾ ಅಂತ ಬೇರೆಯಾಗಿ ಕೇಳಿ, ಅದಕ್ಕೂ ಲಿಖಿತ ಉತ್ತರ ತಗೊಂಡೆ. ಫೋನಿನಲ್ಲಿ ಹೇಳಿದ್ದನ್ನು ನಂಬಿಕೊಂಡು ಟಿಕೆಟ್ ಬುಕ್ ಮಾಡಬೇಡಿ, ದಯವಿಟ್ಟು.

ನಾನು ಎಡವಿದ್ದು ವೀಸಾದಲ್ಲಿ. ಷೆಂಗೆನ್ ಒಳಗೆ, ಅಂದರೆ ಗಡಿ ತಪಾಸಣೆ ಇಲ್ಲದೆ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ, ಎಲ್ಲಿ ಬೇಕಾದರೂ ಹೋಗಬಹುದು ಅಂದುಕೊಂಡು ಸುಮ್ನೆ ಇದ್ದೆ. ಇನ್ನೊಂದು ದೇಶದಲ್ಲಿ ಇರೋಕೆ ಸಿಗೋದು 180 ದಿನದಲ್ಲಿ 90 ದಿನ. ಒಂದು ಸೆಮಿಸ್ಟರ್‌ಗೆ ಅದು ಸಾಲಲ್ಲ. 2016ರ ಯುರೋಪಿಯನ್ ಒಕ್ಕೂಟದ ನಿರ್ದೇಶನದಲ್ಲಿ ಒಂದು ದಾರಿ ಇದೆ. ಇಂಥ ಜಂಟಿ ಕೋರ್ಸಿನವರು ಮೊದಲ ದೇಶದ ಪರ್ಮಿಟ್ (ವಾಸದ ಅನುಮತಿ) ಮೇಲೆಯೇ ಇನ್ನೊಂದು ಸದಸ್ಯ ದೇಶದಲ್ಲಿ 360 ದಿನದವರೆಗೆ ಓದಬಹುದು. ಆದರೆ ಪರ್ಮಿಟ್ ಜೀವಂತ ಇರಬೇಕು, ಅಲ್ವಾ? ನನ್ನ ಪರ್ಮಿಟ್ ಅಂದರೆ ಫ್ರೆಂಚ್ ವೀಸಾ. ಅದು ಒಂದು ವರ್ಷದ್ದು, ಆಗಸ್ಟ್‌ಗೆ ಮುಗಿಯುತ್ತಿತ್ತು. ಪೋರ್ಚುಗಲ್ ಕ್ಲಾಸ್ ಸೆಪ್ಟೆಂಬರ್‌ಗೆ.

ಜೂನ್ ಕೊನೆಗೆ ಊರಿಗೆ ಬಂದು ಬೆಂಗಳೂರಿನಲ್ಲಿ ಹೊಸದಾಗಿ ಪೋರ್ಚುಗಲ್ ವೀಸಾಗೆ ಹಾಕಿದೆ. ಅಲ್ಲಿ ಹೆಸರು ಅಡ್ಡ ಬಂತು. ಪಾಸ್‌ಪೋರ್ಟ್‌ನಲ್ಲಿ ನನಗೆ ಸರ್‌ನೇಮ್ ಇಲ್ಲ, ನಮ್ಮ ಕಡೆ ಎಷ್ಟೋ ಜನರ ಹಾಗೆ. ಪ್ರವೇಶ ಪತ್ರದಲ್ಲಿ ಮಾತ್ರ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿದ್ದರು. ತಿದ್ದಿದ ಪತ್ರ ಬರೋಕೆ ಮೂರು ವಾರ. ಎಂಟು ದಿನ ತಡವಾಗಿ ಕ್ಲಾಸ್ ಸೇರಿದೆ. "ಮೂರನೇ ಸೆಮಿಸ್ಟರ್‌ಗೆ ನನ್ನ ಯಾವ ಪರ್ಮಿಟ್ ನಡೆಯುತ್ತೆ?" ಅಂತ ಮೊದಲ ತಿಂಗಳೇ ಕೇಳಿದ್ದರೆ ಈ ಓಡಾಟ ಇರುತ್ತಿರಲಿಲ್ಲ. ನಾನು ಕೇಳಿದ್ದು ಏಪ್ರಿಲ್‌ನಲ್ಲಿ.

ನಾಲ್ಕನೇ ಸೆಮಿಸ್ಟರ್‌ನಲ್ಲಿ, ಮಾರ್ಚ್ ಮೊದಲ ವಾರ ತೋಟಕ್ಕೆ ಬಂದೆ. ತಿಂಗಳ ಕೊನೆಗೆ ಹೂಮಳೆ ಬಿತ್ತು. ಒಂಬತ್ತನೇ ದಿನ ಬೆಳಗ್ಗೆ ಆರಕ್ಕೆ, ಇಬ್ಬನಿ ಇನ್ನೂ ಆರದ ಗಿಡಗಳ ನಡುವೆ ಅಪ್ಪ ಟೇಪ್ ಹಿಡಿದರು. ನಾನು ರೆಂಬೆ ರೆಂಬೆಗೂ ಹೂವಿನ ಗೊಂಚಲು ಎಣಿಸಿದೆ. ಅವರು ಅದೇ ಹಾಜರಿ ಪುಸ್ತಕದಲ್ಲಿ ಬರೆದುಕೊಂಡರು.